ತಗಡಿನ ಹಿಂದಿನ ಕಬ್ಬಿಣ

ಬೇಲೂರು, ಹಳೇಬೀಡುಗಳ ದೇಗುಲಗಳಿಗೆ ಬಳಸಿದ ಬಳಪದ ಕಲ್ಲಿಗೆ ಒಂದು ವಿಶೇಷ ಗುಣವುಂಟು. ಗಣಿಯಿಂದ ಎತ್ತಿದಾಗ ಅದು ಉಳಿಗೆ ಮಿದು. ಗಾಳಿಗೆ ಮೈಯೊಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ಕಬ್ಬಿಣದ ಸ್ವಭಾವ ಇದಕ್ಕೆ ತೀರ ವಿರುದ್ಧ. ಅದೇ ಗಾಳಿಯ ಜೊತೆಗೆ ನಾಲ್ಕು ಹನಿ ನೀರು ಸೇರಿದರೆ ಸಾಕು, ತುಕ್ಕು ಹಿಡಿದು ಪುಡಿಯಾಗುತ್ತದೆ. ೧೧೧೭ರ ಚೆನ್ನಕೇಶವ ದೇಗುಲದ ಮದನಿಕೆಯರ ಬಳೆಗಳನ್ನು ಇಂದಿಗೂ ಎಣಿಸಬಹುದು. ಅವರನ್ನು ನೋಡಲು ಅರಸೀಕೆರೆ ಜಂಕ್ಷನ್ನಿನಿಂದ ಜನರನ್ನು ಕರೆತರುವ ವ್ಯಾನು ಇಪ್ಪತ್ತು ಮಳೆಗಾಲ ತಡೆದರೆ ಹೆಚ್ಚು.

ಇಂಥ ಹಳೆಯ ವ್ಯಾನೊಂದನ್ನು ಕೊಂಡು, ಸೀಟುಗಳನ್ನು ಕಿತ್ತು, ಮಂಚ, ಒಲೆ, ನೀರಿನ ಡ್ರಮ್ಮು ಇಟ್ಟು, ಊರೂರು ತಿರುಗುವ ಮನೆಗಾಡಿ ಮಾಡಿಕೊಳ್ಳುವ ಹವ್ಯಾಸ ಈಚೆಗೆ ನಮ್ಮಲ್ಲಿಯೂ ಕಾಣಿಸಿಕೊಂಡಿದೆ. ಸಂತೋಷದ ಮಾತೇ. ಹೊರಗೆ ಬಣ್ಣದ ತಗಡು, ಒಳಗೆ ಪಾಲಿಶ್ ಹೊಡೆದ ಹಲಗೆ; ಇವೆರಡರ ನಡುವೆ, ಯಾರ ಕಣ್ಣಿಗೂ ಬೀಳದಂತೆ, ಉಕ್ಕಿನ ಚೌಕ ಪೈಪುಗಳ ಹಂದರ. ಕಿಟಕಿಯ ರಬ್ಬರು ಸಡಿಲವಾದೆಡೆ ಇಳಿದ ಮಳೆನೀರು ಕೆಳಗಿನ ಪೈಪಿನಲ್ಲಿ ನಿಂತು, ಹೊರಗೆ ಹೋಗಲು ದಾರಿ ಕಾಣದೆ, ಒಳಗಿನಿಂದಲೇ ತಿನ್ನುತ್ತ ಬರುತ್ತದೆ. ಬಣ್ಣದ ಮೇಲೆ ಒಂದು ಗುಳ್ಳೆ ಎದ್ದಿತೆಂದು ನಾವು ಹುಬ್ಬುಗಂಟಿಕ್ಕುವ ವೇಳೆಗೆ ಅದರ ಕೆಲಸ ಮುಕ್ಕಾಲು ಮುಗಿದಿರುತ್ತದೆ.

ಆಗ ಎರಡು ದಾರಿಗಳು. ಗುಳ್ಳೆಯನ್ನು ಕೆರೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆಯುವುದು ಒಂದು. ಅದು ಬೇಗ ಮುಗಿಯುವ ಕೆಲಸ. ಇನ್ನೊಂದರಲ್ಲಿ ಹಲಗೆಗಳನ್ನೆಲ್ಲ ಬಿಚ್ಚಬೇಕು. ಮಾಡಿಗೆ ಜಾಕಿಯ ಆಸರೆ ಕೊಡಬೇಕು. ಗಟ್ಟಿ ಕಬ್ಬಿಣ ಸಿಗುವವರೆಗೂ ಕೊಯ್ಯಬೇಕು. ಅದೂ ಒಂದೊಂದಾಗಿಯೇ. ಎಲ್ಲವನ್ನೂ ಒಟ್ಟಿಗೆ ಕೊಯ್ದರೆ ಹಂದರ ತಿರುಚಿಕೊಂಡು ಬಾಗಿಲು ಕೂರುವುದಿಲ್ಲ. ಅಳತೆಯ ಹೊಸ ಪೈಪಿಟ್ಟು ಬೆಸೆದು, ಬೆಸುಗೆಯಲ್ಲಿ ಸುಟ್ಟ ಕಡೆ ರೆಡ್ ಆಕ್ಸೈಡ್ ಬಳಿದು, ನೀರಿಳಿಯಲು ತಳದಲ್ಲಿ ತೂತು ಬಿಡಬೇಕು. ಇಷ್ಟೆಲ್ಲ ಆದ ಮೇಲೆ ಹಲಗೆಗಳು ಮತ್ತೆ ಮುಚ್ಚಿಕೊಳ್ಳುತ್ತವೆ. ಈಗ ಎರಡು ಗಾಡಿಗಳನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ: ವ್ಯತ್ಯಾಸವೇ ಇಲ್ಲ! ಧರ್ಮಸೂಕ್ಷ್ಮ ಇರುವುದು ಇಲ್ಲಿ.

ಥೀಸಿಯಸನ ಹಡಗಿನ ಕಥೆಯನ್ನು ಪ್ಲುಟಾರ್ಕ್ ಹೇಳಿದಂದಿನಿಂದ ತತ್ತ್ವಜ್ಞರು ಕೇಳುತ್ತ ಬಂದಿದ್ದಾರೆ: ಹಲಗೆಗಳನ್ನೆಲ್ಲ ಬದಲಿಸಿದ ಮೇಲೆ ಅದು ಅದೇ ಹಡಗೇ? (ನಮ್ಮ ಆರ್‌ಟಿಓ ಕಚೇರಿಗೆ ಈ ಸಂಶಯವಿಲ್ಲ, ಚಾಸಿಯ ಮೇಲೆ ಕೊರೆದ ನಂಬರು ನೋಡಿ ತೀರ್ಮಾನಿಸುತ್ತಾರೆ.) ಪ್ರಶ್ನೆ ಸೊಗಸಾದುದೇ. ಆದರೆ ಹಾಕಿದ ಹೊಸ ಹಲಗೆ ಗಟ್ಟಿಯಾಗಿತ್ತೆ ಎಂದು ಆ ಪಂಡಿತರಲ್ಲಿ ಎಷ್ಟು ಮಂದಿ ಕೇಳಿದರು? ಶಿರಾಡಿ ಘಾಟಿಯಲ್ಲಿ ಗಾಡಿ ಇಳಿಯುವಾಗ ಒಳಗೆ ಕುಳಿತ ಮಗುವಿಗೆ ಬೇಕಾದದ್ದು ಈ ಎರಡನೆಯ ಪ್ರಶ್ನೆಗೆ ಉತ್ತರ.

ಒಳ್ಳೆಯ ಮನಸ್ಸೊಂದಿದ್ದರೆ ಸಾಕೆಂದೂ ಹೇಳುವಂತಿಲ್ಲ. ಅಥೆನ್ಸಿನ ಪಾರ್ಥೆನಾನಿನಲ್ಲಿ ಪ್ರಾಚೀನರು ಕಲ್ಲುಗಳನ್ನು ಬಿಗಿದ ಕಬ್ಬಿಣದ ಕೊಂಡಿಗಳ ಸುತ್ತ ಸೀಸ ಎರೆದಿದ್ದರು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿದ ಬಲಾನೊಸ್ ಎಂಬ ಎಂಜಿನಿಯರು ಆ ರಕ್ಷೆಯಿಲ್ಲದೆಯೇ ಕಬ್ಬಿಣವನ್ನು ಹುದುಗಿಸಿದ. ತುಕ್ಕಿಗೆ ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿತು, ಅಮೃತಶಿಲೆ ಸೀಳಿತು. ಮುಂದಿನವರು ಆ ಕೊಂಡಿಗಳನ್ನು ಕಿತ್ತು ಟೈಟೇನಿಯಂ ಹಾಕಬೇಕಾಯಿತು. ಬಲಾನೊಸ್ ಮೋಸಗಾರನೇನೂ ಅಲ್ಲ. ಕಾಣದ ಜಾಗದಲ್ಲಿ ಹಿಂದಿನವರು ಎಷ್ಟು ಎಚ್ಚರ ವಹಿಸಿದ್ದರೆಂಬುದನ್ನು ಗಣಿಸಲಿಲ್ಲ, ಅಷ್ಟೆ.

ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ತಾವು ಕಡೆದ ವಿಗ್ರಹಗಳಲ್ಲಿ ತಮ್ಮ ಹೆಸರು ಬರೆದರು. ಯುಕ್ತವೇ. ಆದರೆ ಆ ನಕ್ಷತ್ರಾಕಾರದ ಜಗತಿಯ ಅಡಿಯ ನೆಲವನ್ನು ಹದಮಾಡಿದವನು ಹೆಸರನ್ನು ಎಲ್ಲಿ ಬರೆಯಬೇಕಿತ್ತು? ಒಂಬತ್ತು ಶತಮಾನ ಮದನಿಕೆಯರು ನಿಂತಿರುವುದು ಅವನ ಮೇಲೆ.

ಟಿಂಕರ್ ಕೆಲಸದವರನ್ನೇ ದೂರುವುದು ಸುಲಭ. ‘ಹೊರಗೆ ಚೆನ್ನಾಗಿ ಕಂಡರೆ ಸಾಕಪ್ಪ, ಬೇಗ ಕೊಡು’ ಎನ್ನುವವರು ಯಾರು? ಪಾಲಿಶಿಗೆ ಧಾರಾಳವಾಗಿ ಕೊಡುವ ನಾವು ಪೈಪಿಗೆ ಚೌಕಾಸಿ ಮಾಡುತ್ತೇವೆ. ಪುಟ್ಟಿ ಮೆತ್ತಿದ ಪಾಪದಲ್ಲಿ ದೊಡ್ಡ ಪಾಲು ಗಾಡಿಯ ಒಡೆಯನದೇ ಎಂದು ನನ್ನ ಅಭಿಪ್ರಾಯ. ಅರಸೀಕೆರೆಯಲ್ಲಿ ನಾನು ಬಲ್ಲ ಹಿರಿಯ ಟಿಂಕರ್ ಒಬ್ಬರಿದ್ದಾರೆ. ಕೊಯ್ದು ತೆಗೆದ ತುಕ್ಕು ತುಂಡುಗಳನ್ನು ಅವರು ಗೋಣಿಚೀಲದಲ್ಲಿ ಕಟ್ಟಿಡುತ್ತಾರೆ; ಹಲಗೆ ಮುಚ್ಚುವ ಮುನ್ನ ಒಂದು ಸಲ ಬಂದು ನೋಡಿಹೋಗಿ ಎಂದು ಒಡೆಯರಿಗೆ ಹೇಳಿಕಳಿಸುತ್ತಾರೆ. ಬರುವವರು ಕಡಿಮೆಯಂತೆ.