ಲಾಭ ತರದ ಜೀವಕ್ಕೂ ಹಕ್ಕಿದೆಯೆ?

'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ವೈಜ್ಞಾನಿಕ ಧಾರಾವಾಹಿ 1966ರಿಂದ 1969ರವರೆಗೆ 79 ಕಂತುಗಳಲ್ಲಿ ಪ್ರಸಾರವಾಯಿತು. 1980ರ ದಶಕದಲ್ಲಿ ನಮ್ಮ ದೂರದರ್ಶನವೂ ಅದನ್ನು ತೋರಿಸಿತ್ತು. ರಟ್ಟಿನ ಬಂಡೆ, ರಬ್ಬರಿನ ಪ್ರಾಣಿ, ಮಿಣುಕುದೀಪಗಳ ನೌಕೆ ಕಂಡರೆ ಇಂದಿನ ಮಕ್ಕಳು ನಕ್ಕಾರು. ಆದರೆ ಹೊಸಪೇಟೆಯಲ್ಲಿ ಕುಳಿತು ಹಳೆಯ ಕಂತುಗಳನ್ನು ಮತ್ತೆ ನೋಡಿದ ನಮಗೆ ಒಂದು ಕಂತಿನಲ್ಲಿ ನಗು ಬರಲಿಲ್ಲ. 1967ರ ಮಾರ್ಚ್‌ನಲ್ಲಿ ಬಂದ, ಜೀನ್ ಕೂನ್ ಬರೆದ 'ದಿ ಡೆವಿಲ್ ಇನ್ ದಿ ಡಾರ್ಕ್' ಅದು. ಅದೊಂದು ಗಣಿಯ ಕಥೆ.

ದೂರದ ಗ್ರಹವೊಂದರ ಗಣಿಯಲ್ಲಿ ಯಾವುದೋ ದೈತ್ಯ ಕಾರ್ಮಿಕರನ್ನು ಸುಟ್ಟು ಕೊಲ್ಲುತ್ತಿದೆ. ಅದನ್ನು ಮುಗಿಸಲು ಕ್ಯಾಪ್ಟನ್ ಕರ್ಕ್ ಮತ್ತು ಸ್ಪಾಕ್ ಬರುತ್ತಾರೆ. ಗಾಯಗೊಂಡ ಆ ಜೀವಿಯನ್ನು ಸ್ಪಾಕ್ ಮುಟ್ಟಿ ಅದರ ಮನಸ್ಸನ್ನು ಅರಿತಾಗ ಸತ್ಯ ಹೊರಬೀಳುತ್ತದೆ. ಗಣಿಯವರು ಸಾಮಾನ್ಯ ಕಲ್ಲುಗುಂಡುಗಳೆಂದು ಒಡೆದುಹಾಕಿದ್ದು ಅದರ ಮೊಟ್ಟೆಗಳನ್ನು. ಅಧಿಕಾರಿಯ ಮೇಜಿನ ಮೇಲೆ ಅಲಂಕಾರಕ್ಕಿಟ್ಟ ಕಲ್ಲೂ ಒಂದು ಮೊಟ್ಟೆಯೇ. ದೈತ್ಯವೆನಿಸಿಕೊಂಡದ್ದು ಮಕ್ಕಳನ್ನು ಕಾಯುತ್ತಿದ್ದ ತಾಯಿ.

ಇಷ್ಟರವರೆಗೆ ಕಥೆ ನಮ್ಮ ಕಣ್ಣು ತೆರೆಸುತ್ತದೆ. ನಮ್ಮ ತಕರಾರಿರುವುದು ಮುಕ್ತಾಯದ ಬಗ್ಗೆ. ಗಣಿಯವರು ರಾಜಿಯಾಗುತ್ತಾರೆ. ಯಾಕೆ? ಮೊಟ್ಟೆಯೊಡೆದು ಬಂದ ಮರಿಗಳು ಬಂಡೆಯನ್ನು ಸಲೀಸಾಗಿ ಕೊರೆಯುತ್ತವೆ, ಅವು ಕೊರೆದಲ್ಲಿ ಅದಿರು ಸಿಗುತ್ತದೆ, ಎಲ್ಲರೂ ಶ್ರೀಮಂತರಾಗುತ್ತಾರೆ. ಹಾಗಾದರೆ ಆ ಮರಿಗಳಿಗೆ ಕೊರೆಯಲು ಬಾರದಿದ್ದರೆ? ಅವುಗಳಿಂದ ಯಾರಿಗೂ ಬಿಡಿಗಾಸಿನ ಉಪಯೋಗವಿಲ್ಲದಿದ್ದರೆ? ತಾಯಿಯ ನೋವೊಂದೇ ಸಾಕಾಗುತ್ತಿತ್ತೆ?

ಸಂಡೂರಿನ ನೆರೆಯಲ್ಲಿರುವ ನಾವು ಈ ಪ್ರಶ್ನೆಯನ್ನು ಬಾಹ್ಯಾಕಾಶಕ್ಕೆ ಬಿಟ್ಟು ಸುಮ್ಮನಿರಲಾರೆವು. ಅದಿರಿಗೆ ಬೆಲೆ ಏರಿದ ವರ್ಷಗಳಲ್ಲಿ ಅಲ್ಲಿನ ಬೆಟ್ಟಗಳು ಕರಗಿದ್ದನ್ನು, ಮರದೆಲೆಗಳೆಲ್ಲ ಕೆಂಧೂಳಾದದ್ದನ್ನು, ಲಾರಿಗಳ ಸಾಲು ಮುಗಿಯದ್ದನ್ನು ಕಂಡಿದ್ದೇವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಷರತ್ತುಗಳೊಡನೆ ಕೆಲವಕ್ಕೆ ಮತ್ತೆ ಅವಕಾಶ ಕೊಟ್ಟಿತು. ನಡುವೆ ಡ್ರೈವರು, ಕ್ಲೀನರು, ಮೆಕ್ಯಾನಿಕ್ಕು, ದಾರಿಬದಿಯ ಹೋಟೆಲಿನವರು ಕೆಲಸ ಕಳೆದುಕೊಂಡರು. ಅವರ ಮನೆಯ ಒಲೆಯನ್ನು ಮರೆತು ಬೆಟ್ಟದ ಪರ ಮಾತಾಡುವುದು ಸುಲಭ, ಆದರೆ ನ್ಯಾಯವಲ್ಲ. ಕಥೆಯ ಗಣಿ ಕಾರ್ಮಿಕರೂ ಕೆಟ್ಟವರಲ್ಲ. ಜೊತೆಗಾರರನ್ನು ಕಳೆದುಕೊಂಡು ಹೆದರಿದವರು.

ಆದರೂ ಪ್ರಶ್ನೆ ಉಳಿಯುತ್ತದೆ. ಹಂಪಿಯಿಂದ ಹೆಚ್ಚು ದೂರವಿಲ್ಲದ ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಬಂಡೆಯ ಮೇಲೆ ಕಾಣಿಸಿಕೊಂಡ ಕರಡಿಯನ್ನು ಪ್ರವಾಸಿಗರು ಖುಷಿಯಿಂದ ನೋಡುತ್ತಾರೆ. ಅದೇ ಕರಡಿ ರಾತ್ರಿ ರೈತನ ಹೊಲಕ್ಕೆ ಇಳಿದರೆ ದೈತ್ಯವಾಗುತ್ತದೆ. ಮರಿಗಳಿರುವ ಗವಿಯ ಬಳಿ ಹೋದವನ ಮೇಲೆ ಬಿದ್ದರಂತೂ ಕೇಳುವುದೇ ಬೇಡ. ಬೆಳೆ ಕಳೆದುಕೊಂಡವನ ಸಿಟ್ಟು ಸುಳ್ಳಲ್ಲ, ಅವನ ನಷ್ಟವನ್ನು ಸಮಾಜ ತುಂಬಿಕೊಡಬೇಕು. ಆದರೆ ಕರಡಿಗೆ ಬದುಕುವ ಹಕ್ಕು ಬಂದದ್ದು ಟಿಕೆಟ್ಟಿನಿಂದಲೆ?

'ಹಕ್ಕು', 'ಫಾಯಿದೆ' ಎರಡೂ ಕನ್ನಡಕ್ಕೆ ಒಂದೇ ದಾರಿಯಲ್ಲಿ ಬಂದ ಅರಬ್ಬಿ ಮೂಲದ ಪದಗಳು. ಉರ್ದುವಿನಲ್ಲೂ ಇವೆ. ಎರಡು ಭಾಷೆಯಲ್ಲೂ ಅರ್ಥ ಬೇರೆ ಬೇರೆ. ಬಳಕೆಯಲ್ಲಿ ಮಾತ್ರ ನಾವು ಎರಡನ್ನೂ ಬೆರೆಸಿಬಿಟ್ಟಿದ್ದೇವೆ. ಕಾಡು ಉಳಿಸಿ, ಮಳೆ ಬರುತ್ತದೆ. ಹೆಣ್ಣುಮಗುವನ್ನು ಓದಿಸಿ, ಸಂಸಾರಕ್ಕೆ ಅನುಕೂಲ. ನೆರೆಯವರೊಡನೆ ಸೌಹಾರ್ದದಿಂದಿರಿ, ವ್ಯಾಪಾರ ಚೆನ್ನಾಗಿರುತ್ತದೆ. ಎಲ್ಲವೂ ನಿಜ. ಆದರೆ ಫಾಯಿದೆಯ ಮೇಲೆ ನಿಂತ ಕರುಣೆ ಫಾಯಿದೆ ತೀರಿದ ದಿನ ಎದ್ದುಹೋಗುತ್ತದೆ. ದುಡಿಯಲಾರದ ಮುದುಕರು, ಹಾಲು ಬತ್ತಿದ ಎಮ್ಮೆ, ಮತವಿಲ್ಲದ ವಲಸಿಗರು ಆಗ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಲಾಭ ಜಗಳಗಂಟರನ್ನು ಮಾತಿಗೆ ಕೂರಿಸಬಹುದು. ಅಷ್ಟಕ್ಕೆ ಅದಕ್ಕೊಂದು ನಮಸ್ಕಾರ. ಆದರೆ ಎದುರಿಗಿರುವುದು ಕಲ್ಲಲ್ಲ, ಮೊಟ್ಟೆ ಎಂದು ತಿಳಿದ ಗಳಿಗೆಯಲ್ಲೇ ಎತ್ತಿದ ಕೈ ಇಳಿಯಬೇಕು. ಮರಿಗೆ ಏನು ಕೆಲಸ ಬರುತ್ತದೆಂದು ಆಮೇಲೆ ನೋಡಿಕೊಂಡರಾಯಿತು.