ಎರಡು ಅಳತೆಗಳ ನಡುವೆ

ಕನಕಪುರ–ಮಳವಳ್ಳಿ ಮಾರ್ಗದ ಹಲಗೂರಿನ ಪದವೀಧರನೊಬ್ಬನನ್ನು ಕಲ್ಪಿಸಿಕೊಳ್ಳೋಣ. ನೌಕರಿಗಾಗಿ ಬೆಂಗಳೂರಿಗೆ ಅರ್ಜಿ ಹಾಕುತ್ತ, ತಂದೆಯ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆಹುಳುಗಳಿಗೆ ಹಾಕುತ್ತಾನೆ. ಕೂಲಿಯಿಲ್ಲ. ಊರಿನವರ ದೃಷ್ಟಿಯಲ್ಲಿ ಅವನು ನಿರುದ್ಯೋಗಿ. ಸರಕಾರದ ಲೆಕ್ಕದಲ್ಲಿ ಉದ್ಯೋಗಿ.

ಇದು ಸುಳ್ಳು ಲೆಕ್ಕವೆಂದು ಕೂಡಲೇ ನಿರ್ಣಯಿಸುವುದು ಉಚಿತವಲ್ಲ. ಕೃಷಿಪ್ರಧಾನ ದೇಶದಲ್ಲಿ ನಿರುದ್ಯೋಗವನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯಲಾಗದೆಂದು ದಾಂತ್‌ವಾಲಾ ಸಮಿತಿ 1970ರಲ್ಲಿಯೇ ಹೇಳಿತು. 1972–73ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ವರ್ಷದ, ವಾರದ, ದಿನದ ಅಳತೆಗಳು ಬೇರೆಬೇರೆಯಾದವು. ವಾರದ ಅಳತೆಯಲ್ಲಿ ಏಳು ದಿನಗಳೊಳಗೆ ಒಂದು ಗಂಟೆ ದುಡಿದವನೂ ಉದ್ಯೋಗಿಯೇ; ಕುಟುಂಬದ ಕಸುಬಿಗೆ ಸಂಬಳವಿಲ್ಲದೆ ನೆರವಾದವನೂ ಅಷ್ಟೇ. ರಾಷ್ಟ್ರದ ಉತ್ಪನ್ನಕ್ಕೆ ಸೇರಿದ ಯಾವ ಶ್ರಮವೂ ಲೆಕ್ಕ ತಪ್ಪಬಾರದೆಂಬುದು ಇದರ ಹಿಂದಿನ ತರ್ಕ. ಆ ಹುಡುಗ ಹಾಕಿದ ಸೊಪ್ಪಿನಿಂದ ಗೂಡು ಕಟ್ಟಿದ್ದು ನಿಜವಷ್ಟೆ?

2023–24ರ ಸಮೀಕ್ಷೆಯಲ್ಲಿ ಹದಿನೈದು ವರ್ಷ ಮೇಲ್ಪಟ್ಟವರ ನಿರುದ್ಯೋಗ ಪ್ರಮಾಣ ವರ್ಷದ ಅಳತೆಗೆ ಶೇಕಡ 3.2, ವಾರದ ಅಳತೆಗೆ 4.9. ಎರಡೂ ಸತ್ಯ. ಆದರೆ ಆರ್ಥಿಕತೆಯ ಆರೋಗ್ಯವನ್ನು ಚರ್ಚಿಸುವವರು ಹೊಗಳಲು ಒಂದನ್ನು, ತೆಗಳಲು ಇನ್ನೊಂದನ್ನು ಎತ್ತಿಕೊಂಡು, ಯಾವ ಅಳತೆಯೆಂಬುದನ್ನು ಮಾತ್ರ ಹೇಳುವುದಿಲ್ಲ.

ಕೊಳ್ಳುವಾಗ ಒಂದು, ಮಾರುವಾಗ ಒಂದು ತೂಕ ಬಳಸುವುದನ್ನು ತತ್ತ್ವಾರ್ಥಸೂತ್ರವು ‘ಹೀನಾಧಿಕ ಮಾನೋನ್ಮಾನ’ವೆಂದು ಕರೆದು, ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ, ಅಸತ್ಯದ ಪಟ್ಟಿಯಲ್ಲಲ್ಲ. ವ್ಯಾಪಾರದ ಅನುಭವವಿದ್ದವರಿಗೆ ಈ ವಿಂಗಡಣೆಯ ಸೂಕ್ಷ್ಮ ತಿಳಿಯುತ್ತದೆ. ಅಂಗಡಿಯಲ್ಲಿ ಸೇರೂ ಕಿಲೋವೂ ಇದ್ದರೆ ಪಾಪವೇನು? ಗ್ರಾಹಕನಿಗೆ ತಿಳಿಯದಂತೆ ಬದಲಿಸಿದಾಗ ಅವನದೇನೋ ಅಪಹೃತವಾಗುತ್ತದೆ. ಇಲ್ಲಿ ಅಪಹೃತವಾಗುವುದು ಹಲಗೂರಿನ ಆ ಹುಡುಗನಿಗೆ ಸಲ್ಲಬೇಕಾದ ಗಮನ. ಉದ್ಯೋಗಿಯೆಂದು ಬರೆಯಲ್ಪಟ್ಟವನಿಗಾಗಿ ಯಾರು ಯೋಜನೆ ರೂಪಿಸಿಯಾರು?

ದೋಷವೆಲ್ಲ ದೆಹಲಿಯದೆಂದರೂ ಸರಿಯಾಗದು. ಸಮೀಕ್ಷಕರು ಬರೆದುಕೊಳ್ಳುವುದು ಮನೆಯವರ ಉತ್ತರವನ್ನೇ. ಮದುವೆಗೆ ಬಂದ ಮಗನನ್ನು ಕುರಿತು ತಂದೆ, ‘ತೋಟ ನೋಡಿಕೊಳ್ಳುತ್ತಾನೆ’ ಎಂದು ಗೌರವದಿಂದ ಹೇಳುತ್ತಾನೆ; ಅರ್ಜಿಗಳ ಮಾತನ್ನು ಎತ್ತುವುದಿಲ್ಲ. ಅದೇ ತೋಟದಲ್ಲಿ ಅಷ್ಟೇ ಸೊಪ್ಪು ಕೊಯ್ದು, ರಾತ್ರಿ ಎದ್ದು ಹುಳುಗಳಿಗೆ ಹಾಕುವ ಹಿರಿಯ ಸೊಸೆಯ ವಿಚಾರ ಕೇಳಿದರೆ, ‘ಮನೆಕೆಲಸ’ ಎಂಬ ಒಂದೇ ಪದ. ಆ ಪದದೊಂದಿಗೆ ಅವಳು ಉದ್ಯೋಗಿಗಳ ಸಾಲಿನಿಂದಲೂ ನಿರುದ್ಯೋಗಿಗಳ ಸಾಲಿನಿಂದಲೂ ಹೊರಗುಳಿಯುತ್ತಾಳೆ.