ದಿನದ ಧಮ್ಮ ಚಿಂತನೆ: ಕೆಳಗಿನ ದಿಕ್ಕಿಗೆ ನಮಸ್ಕಾರ





ರಾಜಗೃಹದಲ್ಲಿ ಸಿಗಾಲ ಎಂಬ ಯುವಕ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ. ಯಾಕೆಂದು ಭಗವಾನ್ ಬುದ್ಧರು ಕೇಳಿದಾಗ, ತಂದೆ ಸಾಯುವ ಮುಂಚೆ ಹೇಳಿದ್ದರು ಎಂದ. ದಿಕ್ಕು ಎಂದರೆ ಬರೀ ಆಕಾಶವಲ್ಲ, ಮನುಷ್ಯರು ಎಂದು ಬುದ್ಧರು ತಿಳಿಸಿಕೊಟ್ಟರು. ಪೂರ್ವ ಎಂದರೆ ತಂದೆತಾಯಿ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಗೆಳೆಯರು, ಮೇಲಿನ ದಿಕ್ಕು ಧರ್ಮೋಪದೇಶಕರು. ಕೆಳಗಿನ ದಿಕ್ಕು, ನಮ್ಮ ಕೈಕೆಳಗೆ ದುಡಿಯುವವರು. ಅವರೂ ನಮಸ್ಕಾರಕ್ಕೆ ಯೋಗ್ಯರು.

ಕೆಲಸಗಾರರ ಮಾನಸಿಕ ಆರೋಗ್ಯಕ್ಕೆ ಮಾಲೀಕರು ಏನು ಮಾಡಬೇಕು ಎಂದು ಈಗ ಎಲ್ಲ ಕಡೆ ಮಾತು ನಡೆಯುತ್ತಿದೆ. ಆ ಪ್ರಶ್ನೆಗೆ ಉತ್ತರ ಸಿಗಾಲೋವಾದ ಸುತ್ತದಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ. ಮನುವಿನ ವ್ಯವಸ್ಥೆಯಲ್ಲಿ ಶೂದ್ರನಿಗೆ ಸೇವೆಯೇ ಧರ್ಮ, ಕೇಳುವ ಹಕ್ಕಿಲ್ಲ. ಬುದ್ಧರು ಕೆಲಸಗಾರನಿಗೆ ಐದು ಕರ್ತವ್ಯ ಹೇಳಿದರು, ಮಾಲೀಕನಿಗೂ ಐದು ಹೇಳಿದರು. ಮಾಲೀಕನದನ್ನೇ ಮೊದಲು ಹೇಳಿದರು.

ಒಂದು, ಶಕ್ತಿಗೆ ತಕ್ಕ ಕೆಲಸ ಕೊಡುವುದು. ನಾನು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಟೈಲರ್ ಆಗಿದ್ದವಳು. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್. ನೀರು ಕುಡಿದರೆ ಟಾಯ್ಲೆಟ್‌ಗೆ ಏಳಬೇಕು, ಎದ್ದರೆ ಪೀಸ್ ಕಮ್ಮಿಯಾಗುತ್ತದೆ ಎಂದು ಬಾಟಲಿ ಮುಟ್ಟದೆ ಕೂತಿರುತ್ತಿದ್ದೆವು. ಸೂಪರ್‌ವೈಸರ್ ದನಿ ಕೇಳಿದರೆ ಪಕ್ಕದ ಮಷಿನ್ನಿನ ಅಕ್ಕನ ಕೈ ನಡುಗುತ್ತಿತ್ತು. ‘ನಿದ್ದೆಯಲ್ಲೂ ಪೀಸ್ ಎಣಿಸ್ತೀನಿ ಕಣೇ’ ಎನ್ನುತ್ತಿದ್ದಳು. ಆಮೇಲೆ ಬಂದ ಫ್ಲೋರ್ ಇನ್‌ಚಾರ್ಜ್ ಒಬ್ಬರು ಬೈಗುಳ ನಿಲ್ಲಿಸಿದರು. ಪೀಸ್ ಕಮ್ಮಿಯಾದರೆ ಕಾರಣ ಕೇಳುತ್ತಿದ್ದರು, ಮಷಿನ್ ಕೆಟ್ಟಿದ್ದರೆ ಮೆಕ್ಯಾನಿಕ್ಕನ್ನು ಕರೆಸುತ್ತಿದ್ದರು. ಎರಡು ತಿಂಗಳಲ್ಲಿ ಅಕ್ಕನ ಕೈ ನಡುಕ ನಿಂತಿತು. ಕೆಟ್ಟಿದ್ದು ಅವಳ ತಲೆಯಲ್ಲ, ಕೆಲಸ ಮಾಡಿಸುವ ರೀತಿ.

ಎರಡು, ಊಟ ಮತ್ತು ಸಂಬಳ. ಸಂಬಳ ತಡವಾದರೆ ಒಬ್ಬ ಪೌರಕಾರ್ಮಿಕರ ಮನೆಯಲ್ಲಿ ಏನಾಗುತ್ತದೆ ಎಂದು ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಡ್ಡಿ ಸಾಲ, ಜಗಳ, ನಿದ್ದೆಗೇಡು, ಕುಡಿತ. ಹೇಳಿದ ದಿನ ಸಂಬಳ ಕೈಗೆ ಬಂದರೆ ಅದೇ ಅರ್ಧ ಔಷಧಿ.

ಮೂರು, ಕಾಯಿಲೆ ಬಿದ್ದಾಗ ಆರೈಕೆ. ಜ್ವರಕ್ಕೆ ರಜೆ ಕೊಡುವವರು ಖಿನ್ನತೆಗೆ ಸೋಮಾರಿತನ ಎನ್ನುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಮೈ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕು. ಚಿಕಿತ್ಸೆಗೆ ರಜೆ ಕೊಡಬೇಕು, ವಿಷಯ ನಾಲ್ಕು ಜನರ ಬಾಯಿಗೆ ಬೀಳದಂತೆ ನೋಡಿಕೊಳ್ಳಬೇಕು, ಗುಣವಾಗಿ ಬಂದಾಗ ಅವರ ಜಾಗ ಅವರಿಗೇ ಇರಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಎಂದು ಗೋಡೆಯ ಮೇಲೆ ಬರೆಸಲಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ನಾಲ್ಕು, ವಿಶೇಷ ಅಡುಗೆಯನ್ನು ಹಂಚಿಕೊಂಡು ಉಣ್ಣುವುದು. ತಂಗಳನ್ನಲ್ಲ, ವಿಶೇಷವನ್ನು. ಬೇರೆ ಲೋಟದಲ್ಲಿ ಟೀ ಕುಡಿದ ಮನಸ್ಸಿನ ಗಾಯ ಯಾವ ಸ್ಕ್ಯಾನಿಂಗ್‌ನಲ್ಲೂ ಕಾಣುವುದಿಲ್ಲ. ಆಫೀಸಿನಲ್ಲಿ ಡಬ್ಬಿ ತೆರೆದಾಗ ಪಕ್ಕದವರು ಎದ್ದು ಹೋಗುವುದು, ‘ನೀವು ಯಾವ ಕಡೆಯವರು’ ಎಂದು ಜಾತಿ ಕೆದಕುವುದು, ಮೀಸಲಾತಿಯ ಮಾತೆತ್ತಿ ಚುಚ್ಚುವುದು, ಇವೆಲ್ಲ ದಿನಾ ಒಂದಿಷ್ಟು ಕೊಲ್ಲುತ್ತವೆ. ಇದನ್ನು ತಡೆಯುವುದು ಮೇಲಿನವರ ಹೊಣೆ. ದೂರು ಕೊಟ್ಟವರನ್ನೇ ಎತ್ತಂಗಡಿ ಮಾಡುವುದು ಪರಿಹಾರವಲ್ಲ.

ಐದು, ಕಾಲಕಾಲಕ್ಕೆ ಬಿಡುವು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. 1946ರಲ್ಲಿ ಅವರು ಮಂಡಿಸಿದ ತಿದ್ದುಪಡಿಯಿಂದ ಕಾರ್ಖಾನೆಗಳ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಆ ಆರು ಗಂಟೆ ದುಡಿಯುವವರ ಮನಸ್ಸಿಗೆ ಬಾಬಾಸಾಹೇಬರು ಕೊಡಿಸಿದ ಬಿಡುವು.

ಕೆಲವು ಕಂಪನಿಗಳು ವರ್ಷಕ್ಕೊಮ್ಮೆ ಧ್ಯಾನದ ಕ್ಲಾಸ್ ಮಾಡಿಸಿ, ಮಾರನೇ ದಿನ ಟಾರ್ಗೆಟ್ ಏರಿಸುತ್ತವೆ. ಆನಾಪಾನ ಒಳ್ಳೆಯದೇ, ನಾವೂ ಮಾಡುತ್ತೇವೆ. ಆದರೆ ಉಸಿರಾಡಲು ಬಿಡದೆ ಉಸಿರನ್ನು ಗಮನಿಸಿ ಎಂದರೆ ಅದು ಧಮ್ಮವಲ್ಲ. ದುಃಖಕ್ಕೆ ಕಾರಣವಿದೆ, ಆ ಕಾರಣವನ್ನು ತೆಗೆಯಬಹುದು ಎಂಬುದು ಬುದ್ಧರ ಮಾತು.

ಬಂಧುಗಳೇ, ಮಾಲೀಕರು ಎಂದರೆ ಬೇರೆ ಯಾರೋ ಎಂದು ತಿಳಿಯಬೇಡಿ. ಬಾಬಾಸಾಹೇಬರ ಹೋರಾಟದಿಂದ ನಮ್ಮಲ್ಲಿ ಅನೇಕರು ಅಧಿಕಾರಿಗಳಾಗಿದ್ದೇವೆ, ಗುತ್ತಿಗೆದಾರರಾಗಿದ್ದೇವೆ, ಅಂಗಡಿ ಇಟ್ಟಿದ್ದೇವೆ. ಮನೆಗೆಲಸಕ್ಕೆ ಬರುವ ಅಕ್ಕ ಇದ್ದಾರೆ, ಡ್ರೈವರ್ ಇದ್ದಾರೆ, ಕಚೇರಿಯಲ್ಲಿ ಜವಾನರಿದ್ದಾರೆ. ನಮ್ಮ ಅಜ್ಜ ಅಜ್ಜಿಯರು ಯಾರದ್ದೋ ಕೆಳಗಿನ ದಿಕ್ಕಾಗಿದ್ದರು, ಅವರಿಗೆ ಯಾರೂ ಕೈಮುಗಿಯಲಿಲ್ಲ. ಆ ನೋವು ಗೊತ್ತಿರುವ ನಾವೇ ‘ಏಯ್, ಬಾರೋ ಇಲ್ಲಿ’ ಎಂದು ಕೂಗಿದರೆ ದೀಕ್ಷೆ ತೆಗೆದುಕೊಂಡು ಏನು ಬಂತು?

ಇಂದು ತ್ರಿಸರಣ, ಪಂಚಶೀಲ ಹೇಳಿದ ಮೇಲೆ ನಮ್ಮ ಕೈಕೆಳಗೆ ದುಡಿಯುವ ಒಬ್ಬರನ್ನು ನೆನೆಯೋಣ. ಅವರ ಹೆಸರು ಹಿಡಿದು, ಬಹುವಚನದಲ್ಲಿ ಮಾತಾಡಿಸೋಣ. ರಾತ್ರಿ ನಿದ್ದೆ ಬರುತ್ತದಾ ಎಂದು ಕೇಳೋಣ. ಉತ್ತರ ಹೇಳುವವರೆಗೂ ಕಾಯೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.